ಹನ್ನೊಂದು ಗಂಟೆ

ಬೆಳಿಗ್ಗೆ ಪಾಂಡವಪುರ ಬಸ್‌ಸ್ಟ್ಯಾಂಡ್ ಹತ್ರ ಟೀ ಕುಡೀತಿದ್ದೆ.
ಹೆಗಲ ಮೇಲೆ ಹಸಿರು ಟವಲ್ ಹಾಕಿದ್ದ ಹಿರಿಯರೊಬ್ಬರು ಬಂದು, "ತಗೋ ಮಗ, ಈ ವಾರದ್ದು" ಅಂತ ಒಂದು ಹಾಳೆ ಕೈಗಿಟ್ಟರು.
ನಮ್ಮ ಕಡೆಯ ರೈತರ ಪಕ್ಷ, ಸರ್ವೋದಯ ಕರ್ನಾಟಕ ಪಕ್ಷದವರು.

ಸೋಮವಾರ ನಾಲೆ ನೀರಿನ ಸಭೆ. ಬುಧವಾರ ಕಬ್ಬಿನ ಬಾಕಿಗೆ ಧರಣಿ. ಶುಕ್ರವಾರ ಮನವಿ ಕೊಡೋದು.

ನನ್ನ ಕಣ್ಣು ನಿಂತಿದ್ದು ಒಂದು ಗೀಟಿನ ಮೇಲೆ. ಸಭೆ 10 ಗಂಟೆ ಅಂತ ಅಚ್ಚಾಗಿದ್ದದ್ದನ್ನ ನೀಲಿ ಪೆನ್ನಲ್ಲಿ ಹೊಡೆದು 11 ಅಂತ ಬರೆದಿದ್ದರು.
"ಯಾಕ್ ದೊಡ್ಡಪ್ಪ?"
"ಡೈರಿಗೆ ಹಾಲು ಹಾಕಿ, ದನಕ್ಕೆ ಮೇವು ಹಾಕಿ ಬರಬೇಕಲ್ಲಪ್ಪ ಜನ."
ಕಂಕುಳಲ್ಲಿದ್ದ ಕಟ್ಟು ನೋಡಿದೆ. ಪ್ರತಿ ಹಾಳೇಲೂ ಅದೇ ಗೀಟು, ಅದೇ ನಡುಗೋ 11. ಅಷ್ಟನ್ನೂ ಕೂತು ಕೈಯಾರೆ ತಿದ್ದಿದ್ದಾರೆ!

2013ರಲ್ಲಿ ಈ ಪಕ್ಷದಿಂದ ರೈತ ನಾಯಕ ಪುಟ್ಟಣ್ಣಯ್ಯನವರು ಮೇಲುಕೋಟೆ ಕ್ಷೇತ್ರದಲ್ಲಿ ಗೆದ್ದರು. 2018ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದರು. ಟೀವಿಯವರಿಗೆ ಬೇಕಾಗೋದು ಇಷ್ಟೇ ಇಸವಿಗಳು. ಮಧ್ಯದ ಅಷ್ಟೂ ವಾರ ಇಂಥವರು ಹೀಗೇ ಊರೂರು ಸುತ್ತಿದ್ದಾರೆ, ಬಸ್ ಚಾರ್ಜು ತಾವೇ ಹಾಕ್ಕೊಂಡು.

ಹಾಳೆ ಜೇಬಲ್ಲೇ ಇದೆ. ಸೋಮವಾರಕ್ಕೆ ಅರ್ಧ ದಿನ ರಜೆ ಕೇಳ್ತೀನಿ.