ಹಲ್ಲು ಬಿದ್ದ ದಿನದ ಸ್ಪ್ಯಾನಿಶ್ ಪಾಠ

ಆವತ್ತು ನಾನು ಸಿದ್ಧ ಮಾಡಿಕೊಂಡು ಹೋಗಿದ್ದು 'ಎಲ್' ಮತ್ತು 'ಲಾ' ಪಾಠ. ಸ್ಪ್ಯಾನಿಶ್‌ನಲ್ಲಿ ಪುಸ್ತಕ ಗಂಡು, ಮೇಜು ಹೆಣ್ಣು. ಪದದ ಮುಂದೆ ಗಂಡಿಗೆ 'ಎಲ್', ಹೆಣ್ಣಿಗೆ 'ಲಾ' ಹಚ್ಚಬೇಕು. ಜೀವ ಇಲ್ಲದ್ದನ್ನೆಲ್ಲ 'ಅದು' ಅಂತಲೇ ಕರೆದು ಬೆಳೆದ ನನಗೆ ಇದು ತಲೆಗೆ ಹತ್ತೋಕೆ ವರ್ಷಗಳೇ ಬೇಕಾದವು. ಮೂರನೇ ಕ್ಲಾಸಿನ ಮಕ್ಕಳಿಗೆ ಸುಲಭ ಆಗಲಿ ಅಂತ ರಾತ್ರಿ ಕೂತು ನೀಲಿ, ಕೆಂಪು ಚೀಟಿಗಳನ್ನು ಕತ್ತರಿಸಿದ್ದೆ. 'ಓ' ಅಂತ ಮುಗಿದರೆ ನೀಲಿ, 'ಆ' ಅಂತ ಮುಗಿದರೆ ಕೆಂಪು.

ಐದೇ ನಿಮಿಷ. ಒಬ್ಬ ಹುಡುಗ ಕೈ ಎತ್ತಿದ. ಸ್ಪ್ಯಾನಿಶ್ ಕ್ಲಾಸಲ್ಲಿ ಟೀಚರ್ ಅಂದರೆ 'ಪ್ರೊಫೆ'.

"ಪ್ರೊಫೆ, ಕೈಗೆ 'ಮಾನೊ' ಅಂತಾರಲ್ವಾ? 'ಓ' ಅಂತ ಮುಗಿಯುತ್ತೆ. ಹೋದ ವಾರ 'ಲಾ ಮಾನೊ' ಅಂದ್ರಿ?"

ಲ್ಯಾಟಿನ್‌ನಲ್ಲೇ ಕೈ ಹೆಣ್ಣಾಗಿತ್ತು, ಹಾಗೇ ಉಳಿದುಕೊಂಡು ಬಂತು ಅನ್ನೋದು ಸರಿಯಾದ ಉತ್ತರ. ಎಂಟು ವರ್ಷದವನಿಗೆ ಅದನ್ನು ಹೇಗೆ ಹೇಳೋದು? ನಾನು ಯೋಚಿಸುತ್ತಿರುವಾಗಲೇ ಕಿಟಕಿ ಪಕ್ಕದಿಂದ ಒಂದು ಕಿರುಚು. ಬೆಳಗ್ಗೆಯಿಂದ ನಾಲಿಗೆಯಲ್ಲಿ ಹಲ್ಲು ಅಲ್ಲಾಡಿಸುತ್ತಾ ಕೂತಿದ್ದ ಹುಡುಗಿಯ ಅಂಗೈಯಲ್ಲಿ ಈಗ ಆ ಹಲ್ಲಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬುಡದಲ್ಲಿ ಒಂದು ಚುಕ್ಕೆ ರಕ್ತ.

ಚೀಟಿಗಳು ನೆಲಕ್ಕೆ ಬಿದ್ದವು. ಇಡೀ ಕ್ಲಾಸು ಅವಳ ಸುತ್ತ. ಹುಡುಗಿ ಅಳುವುದೋ ನಗುವುದೋ ಅಂತ ಇನ್ನೂ ತೀರ್ಮಾನ ಮಾಡಿರಲಿಲ್ಲ. ಬಾಯಿ ತೊಳೆಸಿ ಕರೆತಂದು, ಸುಮ್ನೆ ಇರಲಿ ಅಂತ ಬೋರ್ಡಿನ ಮೇಲೆ ಬರೆದೆ: 'ಸೆ ಮೆ ಕಯೊ ಉನ್ ದ್ಯೆಂತೆ.' ನನ್ನದೊಂದು ಹಲ್ಲು ಬಿತ್ತು.

ಇಂಗ್ಲಿಷಿನವರು 'ನಾನು ಹಲ್ಲು ಕಳೆದುಕೊಂಡೆ' ಅನ್ನುತ್ತಾರೆ, ಎಲ್ಲೋ ಬಿಟ್ಟು ಬಂದ ಹಾಗೆ. ಸ್ಪ್ಯಾನಿಶ್‌ನಲ್ಲಿ ಹಲ್ಲು ತಾನಾಗೇ ಬೀಳುತ್ತದೆ, ನಮ್ಮ ಹಾಗೆಯೇ. ಪುಸ್ತಕದಲ್ಲಿ ಈ ವಾಕ್ಯದ ರೀತಿ ಎಷ್ಟೋ ಪಾಠಗಳ ನಂತರ ಬರುತ್ತದೆ. ಇರಲಿ ಬಿಡಿ. 'ದ್ಯೆಂತೆ'ಯ ದ, ತ ಹೇಳೋಕೆ ನಾಲಿಗೆ ಮುಂದಿನ ಹಲ್ಲಿಗೆ ತಾಗಬೇಕು. ಅವಳ ನಾಲಿಗೆ ಸಂದಿಯಿಂದ ಹೊರಗೇ ಬರುತ್ತಿತ್ತು. ಅವಳನ್ನು ನೋಡಿ ಪೂರ್ತಿ ಹಲ್ಲಿದ್ದವರೂ ಹಾಗೇ ಹೇಳತೊಡಗಿದರು.

ಮುಂದಿನ ಹಲ್ಲು 'ಎಲ್ ದ್ಯೆಂತೆ', ದವಡೆ ಹಲ್ಲು 'ಲಾ ಮ್ವೆಲಾ' ಅಂದೆ. "ಅಂದ್ರೆ ಬಾಯೊಳಗೆ ಗಂಡು ಮುಂದೆ, ಹೆಣ್ಣು ಹಿಂದೆನಾ?" ಅಂತ ಒಬ್ಬಳು ಮುಖ ಊದಿಸಿದಳು. ಅಗಿಯೋ ಕೆಲಸವೆಲ್ಲ ಮಾಡೋದು ಹಿಂದಿನವರೇ ಅಂದಮೇಲೆ ಸಮಾಧಾನವಾಯಿತು.

ಆಮೇಲೆ ಇಲಿಯ ಕತೆ. ಸ್ಪೇನ್‌ನಲ್ಲಿ ಬಿದ್ದ ಹಲ್ಲನ್ನು ಒಯ್ಯಲು ಇಂಗ್ಲಿಷಿನವರ ಕತೆಯ ಹಾಗೆ ಯಕ್ಷಿಣಿ ಬರುವುದಿಲ್ಲ, ಪೆರೆಸ್ ಅನ್ನೋ ಇಲಿ ಬರುತ್ತದೆ. ದಿಂಬಿನ ಕೆಳಗೆ ಹಲ್ಲಿಟ್ಟು ಮಲಗಿದರೆ ಬೆಳಗ್ಗೆ ಅಲ್ಲಿ ಉಡುಗೊರೆ. 1894ರ ಸುಮಾರಿಗೆ ಪುಟ್ಟ ರಾಜ ಹದಿಮೂರನೇ ಅಲ್ಫೋನ್ಸೊಗೆ ಹಲ್ಲು ಬಿದ್ದಾಗ, ಲೂಯಿಸ್ ಕೊಲೊಮಾ ಅನ್ನೋ ಪಾದ್ರಿ ಅವನಿಗಾಗಿ ಈ ಇಲಿಯ ಕತೆ ಬರೆದರು. ಇಲಿಯ ಮನೆ ಮ್ಯಾಡ್ರಿಡ್‌ನ ಅರೆನಾಲ್ ಬೀದಿಯಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯೊಳಗೆ. ಆ ಬೀದಿ ನಿಜವಾಗಿಯೂ ಇದೆ, ಎಂಟನೇ ನಂಬರಿನಲ್ಲಿ ಇಲಿಯ ನೆನಪಿಗೊಂದು ಫಲಕವೂ ಇದೆ ಅಂದಾಗ ಕ್ಲಾಸು ಗಪ್‌ಚಿಪ್.

"ರಾಜನಿಗೂ ಹಲ್ಲು ಬೀಳುತ್ತಾ?" ಹಲ್ಲು ಬಿದ್ದವಳದೇ ಪ್ರಶ್ನೆ. ಎಂಟು ವರ್ಷದ ರಾಜ ಅಂದೆ. ತನ್ನದೇ ವಯಸ್ಸು ಅಂತ ಅವಳ ಬೆನ್ನು ನೆಟ್ಟಗಾಯಿತು.

ಉಳಿದ ಸಮಯದಲ್ಲಿ ಅದೇ ವಾಕ್ಯದಲ್ಲಿ ಆಟ. ಪೆನ್ಸಿಲ್ ಬಿತ್ತು, 'ಸೆ ಮೆ ಕಯೊ'. ಲೋಟ ಒಡೆಯಿತು, 'ಸೆ ಮೆ ರೊಂಪ್ಯೊ'. ಮರೆತುಹೋಯ್ತು, 'ಸೆ ಮೆ ಒಲ್ಬಿದೊ'. ಅದಕ್ಕಾಗಿ ಎಷ್ಟು ಪೆನ್ಸಿಲ್‌ಗಳನ್ನು ಬೇಕಂತಲೇ ಬೀಳಿಸಿದರೋ, ಲೆಕ್ಕವಿಲ್ಲ. ಚೀಟಿ ಪಾಠ ಆಗಲೇ ಇಲ್ಲ. ಹತ್ತು ಪದಗಳಿಗೆ 'ಎಲ್', 'ಲಾ' ಹಚ್ಚಿಕೊಂಡು ಬನ್ನಿ ಅಂತ ಮನೆಗೆಲಸ ಕೊಟ್ಟು ಕಳಿಸಿದೆ.

ಮರುದಿನ ಮನೆಗೆಲಸ ಕೇಳಿದೆ. ಮೊದಲ ಬೆಂಚಿನಲ್ಲಿದ್ದ 'ಮಾನೊ' ಹುಡುಗ ಎದ್ದು ನಿಂತ. ಮುಖದಲ್ಲಿ ಪಶ್ಚಾತ್ತಾಪದ ಲವಲೇಶವೂ ಇಲ್ಲ.

"ಪ್ರೊಫೆ, ಸೆ ಮೆ ಒಲ್ಬಿದೊ ಲಾ ತರೆಯಾ."

ಮನೆಗೆಲಸ ಮರೆತುಹೋಯ್ತು. 'ಲಾ' ಕೂಡ ಸರಿಯಾಗಿತ್ತು.