ಉದ್ಯೋಗ: ಗೃಹಿಣಿ

‘ಸಾಹೇಬರೇ, ರೊಟ್ಟಿ ಬಡಿಯುವಾಗ ಎದೆ ತಾನಾಗಿಯೇ ಕುಣಿಯುತ್ತದೆ. ಊಟಕ್ಕೆ ಕುಳಿತವರು ನೋಡುತ್ತಾರೆ.’

ಗದಗಿನಲ್ಲಿ ಖಾನಾವಳಿ ನಡೆಸುವ ಅಕ್ಕ ಹುಬ್ಬಳ್ಳಿಯ ನಮ್ಮ ಓಪಿಡಿಯಲ್ಲಿ ತಲೆ ತಗ್ಗಿಸಿ ಹೀಗೆಂದಾಗ ತಗ್ಗಬೇಕಾಗಿದ್ದದ್ದು ನನ್ನ ತಲೆ. ಕ್ಯಾನ್ಸರಿಗೆ ಸ್ತನ ತೆಗೆದ ಮೇಲೆ ಎಲ್‌ಡಿ ಫ್ಲಾಪ್, ಅಂದರೆ ಬೆನ್ನಿನ ಅಗಲ ಸ್ನಾಯುವನ್ನು ಅದರ ರಕ್ತನಾಳಗಳ ಸಮೇತ ಮುಂದೆ ತಂದು ಹೊಸ ಸ್ತನ ಕಟ್ಟಿದವನು ನಾನು. ಆ ಸ್ನಾಯುವನ್ನು ಅಲುಗಿಸುವ ಥೊರಾಕೋಡಾರ್ಸಲ್ ನರವನ್ನು ಕತ್ತರಿಸದೆ ಬಿಟ್ಟವನೂ ನಾನೇ. ಅವರಿಗೆ ಇಂಪ್ಲಾಂಟ್ ಬೇಡವಾಗಿತ್ತು. ನರ ಹೋದರೆ ಸ್ನಾಯು ಸೊರಗುತ್ತದೆ, ಇದ್ದರೆ ಗಾತ್ರ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಆದರೆ ಎಲ್ಲಿಗೆ ಒಯ್ದರೂ ಆ ಸ್ನಾಯು ತೋಳನ್ನು ಕೆಳಕ್ಕೆ, ಒಳಕ್ಕೆ ಎಳೆಯುವ ತನ್ನ ಕೆಲಸ ಬಿಡುವುದಿಲ್ಲ. ರೊಟ್ಟಿ ಬಡಿಯುವ ಕೈಗೆ ದಿನವಿಡೀ ಅದೇ ಕೆಲಸ. ಸಕ್ಕರೆ, ಬಿಪಿ, ತಂಬಾಕು ಎಲ್ಲವನ್ನೂ ಕೇಳಿದ್ದೆ. ಕೇಸ್ ಶೀಟಿನಲ್ಲಿ ಯಾರೋ ಗೀಚಿದ್ದ ‘ಉದ್ಯೋಗ: ಗೃಹಿಣಿ’ಯನ್ನು ಮಾತ್ರ ಹಾಗೆಯೇ ನಂಬಿದ್ದೆ.

ಆ ನರವನ್ನು ಕತ್ತರಿಸಲು ಮತ್ತೆ ಓಟಿ. ಕಂಕುಳಿನ ಹಳೆಯ ಗಾಯದೊಳಗೆ ನರವೂ ರಕ್ತನಾಳಗಳೂ ಒಂದಕ್ಕೊಂದು ಅಂಟಿ ಕುಳಿತಿದ್ದವು. ನರವೆಂದು ಪೆಡಿಕಲ್ಲಿಗೆ, ಅಂದರೆ ಫ್ಲಾಪಿನ ರಕ್ತನಾಳಗಳಿಗೆ ಕತ್ತರಿ ಹಾಕಿದರೆ ಫ್ಲಾಪಿಗೇ ಕುತ್ತು. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಅಲುಗುತ್ತದೆಯೇ ಎಂದು ನೋಡುವ ಯಂತ್ರ, ಆರು ತಿಂಗಳು ಅರ್ಜಿ ಬರೆದು ಪಡೆದ ಸ್ಟಿಮ್ಯುಲೇಟರ್ ಮುಟ್ಟಿಸಿದೆ. ಏನೂ ಅಲುಗಲಿಲ್ಲ. ಕರೆಂಟ್ ಏರಿಸಿದೆ. ಇಲ್ಲ. ಸಿಸ್ಟರ್ ಸೆಲ್ ಬದಲಿಸಿದರು. ಅಗ್ಗದ ಮಾಲು ತರಿಸುವ ಖರೀದಿ ವಿಭಾಗವನ್ನು ಬಾಯಿಗೆ ಬಂದಂತೆ ಬೈದೆ. ಕಣ್ಣಿಗೆ ಹಾಕಿದ ಭೂತಗನ್ನಡಿ ಲೂಪಿನೊಳಗೆ ಬೆವರು ಇಳಿಯತೊಡಗಿತು. ಇದು ನರವೇ ಅಲ್ಲವೇನೋ ಎಂದು ಪಕ್ಕದ ಎಳೆಯನ್ನು ಬಿಡಿಸಲು ಕೈ ಹಾಕಿದ್ದೆ.

‘ಸರ್, ರಿಲ್ಯಾಕ್ಸೆಂಟ್ ಕೊಟ್ಟಿದ್ದೇನೆ. ಸ್ಟಿಮ್ಯುಲೇಟರ್ ಬಳಸುವುದಾಗಿ ನೀವು ಹೇಳಿರಲಿಲ್ಲ,’ ಎಂದರು ಅರಿವಳಿಕೆಯ ಮೇಡಂ.

ಹೇಳಿರಲಿಲ್ಲ. ಔಷಧದಿಂದ ಸುಮ್ಮನಾದ ಸ್ನಾಯುವಿನ ಮುಂದೆ ಯಾವ ಯಂತ್ರ ತಾನೇ ಏನು ಮಾಡೀತು? ಕೈ ಕಟ್ಟಿ ಕುಳಿತೆವು. ಮಾನಿಟರಿನ ಸದ್ದು ಬಿಟ್ಟರೆ ಓಟಿಯಲ್ಲಿ ಮಾತಿಲ್ಲ. ನಾನು ಬೈದದ್ದನ್ನು ಎಲ್ಲರೂ ಕೇಳಿದ್ದರು. ಔಷಧ ಇಳಿದ ಮೇಲೆ ಮತ್ತೆ ಮುಟ್ಟಿಸಿದೆ. ಎದೆ ಟಕ್ಕನೆ ಹಾರಿತು. ಬರೀ ಕತ್ತರಿಸಿದರೆ ನರ ಬೆಳೆದು ಮತ್ತೆ ಕೂಡಿಕೊಳ್ಳಬಹುದೆಂದು 2 ಸೆಂಟಿಮೀಟರ್ ತುಂಡನ್ನೇ ತೆಗೆದೆ. ಮೇಲಿನ ತುದಿಗೆ ಮುಟ್ಟಿಸಿದೆ: ಅಲುಗಾಟವಿಲ್ಲ. ಈ ಸಲ ಯಂತ್ರವನ್ನು ಬೈಯಲಿಲ್ಲ.

ಮೊನ್ನೆ ಅಕ್ಕ ಬಂದಿದ್ದರು, ಕೈಯಲ್ಲಿ ಖಡಕ್ ರೊಟ್ಟಿಯ ಗಂಟು. ಗಾತ್ರ ಸ್ವಲ್ಪ ಇಳಿದಿದೆ, ಇನ್ನೂ ಇಳಿಯಬಹುದು ಎಂದೆ.

‘ಇಳಿಯಲಿ ಬಿಡಿ ಸಾಹೇಬರೇ. ಇದನ್ನು ಮೊದಲೇ ಕೇಳಿದ್ದರೆ ಆಗಲೇ ಹೇಳುತ್ತಿದ್ದೆ.’