ದ್ರಾಕ್ಷಿ ಮತ್ತು ರೊಟ್ಟಿ

ನಮ್ಮ ವಿಜಯಪುರದ ಶೆಡ್ಡಿನಾಗ ದ್ರಾಕ್ಷಿ ಒಣಗೋದು ನೋಡೀರಲ್ಲ? ಸುಕ್ಕಾಗ್ತದ, ಸಿಪ್ಪಿ ಒಡೆಯಂಗಿಲ್ಲ. ಜೀವಕೋಶ ಸದ್ದಿಲ್ಲದ ಸಾಯೋ ಅಪೊಪ್ಟೋಸಿಸ್ ಹೆಚ್ಚುಕಮ್ಮಿ ಹಂಗ. ಪೈರೊಪ್ಟೋಸಿಸ್ ಅನ್ನೋ ಇನ್ನೊಂದು ಸಾವು ಅಂದ್ರ ಹಂಚಿನ ಮ್ಯಾಲಿನ ಜ್ವಾಳದ ರೊಟ್ಟಿ: ಉಬ್ಬಿ, ಹರಿದು, ಒಳಗಿದ್ದದ್ದು ಹೊರಗ.

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊಕ್ಕ ಮ್ಯಾಕ್ರೊಫೇಜ್‌ಗೆ (ರೋಗಾಣು ನುಂಗೋ ಕೋಶ) ಮೊದಲೇ ಇಂಟರ್‌ಫೆರಾನ್ ಗಾಮಾ ಅನ್ನೋ ಎಚ್ಚರಿಕೆ ಸಂದೇಶ ಮುಟ್ಟಿದ್ರ ರೋಗಾಣು ತಡೆಯೋ ಜಿಬಿಪಿ ಪ್ರೋಟೀನು ಹೆಚ್ಚಾಗ್ತಾವ. ಅವು ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್ (ಕೊಬ್ಬು-ಸಕ್ಕರಿ ಕೂಡಿದ ಅಣು) ಬಯಲಿಗೆ ತರ್ತಾವ. ಮನುಷ್ಯರ ಕೋಶದಾಗ ಕ್ಯಾಸ್ಪೇಸ್-4 ಅನ್ನೋ ಕತ್ತರಿ ಕಿಣ್ವ, ಇಲಿಯಾಗ ಕ್ಯಾಸ್ಪೇಸ್-11 ಎಚ್ಚರಾಗಿ ಗ್ಯಾಸ್ಡರ್ಮಿನ್-ಡಿ ಪ್ರೋಟೀನು ಕತ್ತರಿಸ್ತಾವ, ಅದರ ತುಂಡಿನಿಂದ ಪೊರೆಗೆ ತೂತು ಬೀಳ್ತದ. ಟಿಎನ್‌ಎಫ್ ಅನ್ನೋ ಉರಿಯೂತದ ಸಂದೇಶದ ದಾರಿ ಬ್ಯಾರೆ. ಬಹಳ ಸಲ ಅದು ಕೋಶ ಬದುಕಿಸೋ ಸಂದೇಶಾನ. ಯೆರ್ಸಿನಿಯಾ (ಪ್ಲೇಗ್ ಬ್ಯಾಕ್ಟೀರಿಯಾದ ಕುಲ) ತನ್ನ ಯೋಪ್-ಜೆ ಪ್ರೋಟೀನಿನಿಂದ ಬದುಕಿನ ಸಂದೇಶ ಸಾಗಿಸೋ ಟ್ಯಾಕ್-1 ಕಿಣ್ವ ತಡೆದಾಗ ಅದೇ ಸಂದೇಶ ಕ್ಯಾಸ್ಪೇಸ್-8 ಹಿಡಿದು ಸಾವಿಗೆ ಹೊರಳ್ತದ. ಎಷ್ಟು ಚಂದದ ಏರ್ಪಾಡು! ಬ್ಯಾಕ್ಟೀರಿಯಾ ಕೋಶದ ಬಾಯಿ ಕಟ್ಟಿದ್ರ, ಕೋಶ ತನ್ನನ್ನೇ ಸುಟ್ಟುಕೊಂಡು ನೆರೆಯವರನ್ನ ಎಬ್ಬಿಸ್ತದ.

ಸತ್ತ ಕೋಶದಿಂದ ಹೊರಬರೋ ಎಲ್‌ಡಿಹೆಚ್ ಕಿಣ್ವ ಅಳೆಯೋ ವಿದ್ಯಾರ್ಥಿಗಳು ಒಂದು ಮಾತು ಕೇಳ್ರಿ. ಉರಿಯೂತ ಎಬ್ಬಿಸೋ ಐಎಲ್-1 ಬೀಟಾ ಪ್ರೋಟೀನಿನ ತೂಕ ಸುಮಾರು 17 ಕಿಲೋಡಾಲ್ಟನ್, ಗ್ಯಾಸ್ಡರ್ಮಿನ್ ತೂತಿನಾಗ ತೂರ್ತದ. ಎಲ್‌ಡಿಹೆಚ್ 140, ಪೊರೆ ಪೂರಾ ಹರಿದ ಮ್ಯಾಲೇ ಬರೋದು. ಹಂಗಾಗಿ ಎಲ್‌ಡಿಹೆಚ್ ಕಡಿಮಿ ಬಂತು ಅಂದ್ರ ತೂತೇ ಬಿದ್ದಿಲ್ಲ ಅಂತ ಬರೀಬ್ಯಾಡ್ರಿ. ಮೀಡಿಯಾಕ್ಕ (ಕೋಶ ಬೆಳೆಸೋ ದ್ರಾವಣ) ಹಾಕೋ ಸೀರಮ್‌ನಾಗೂ ಎಲ್‌ಡಿಹೆಚ್ ಇರ್ತದ, ಕೋಶ ಇಲ್ಲದ, ಬರೇ ಮೀಡಿಯಾದ ಬಾವಿ (ತಟ್ಟಿಯ ಕುಳಿ) ಒಂದು ಹೋಲಿಕೆಗೆ ಬ್ಲ್ಯಾಂಕ್ ಇಡ್ರಿ. ಕಿಟ್‌ನಾಗಿನ "ಕೋಣೆ ತಾಪ, 30 ನಿಮಿಷ" ಅನ್ನೋದು ಸುಮಾರು 25 ಡಿಗ್ರಿಗೆ. ನಮ್ಮ ಮೇ ತಿಂಗಳ ಝಳದಾಗ ಬಣ್ಣ ಲಗೂನ ಏರಿ ಎಲ್ಲಾ ಬಾವಿ ಒಂದೇ ಕೆಂಪಾಗ್ತಾವ. 10 ನಿಮಿಷಕ್ಕೇ ನೋಡಿ ನಿಲ್ಲಿಸ್ರಿ, ಗುಳ್ಳಿ ಒಡೆದು 490 ನ್ಯಾನೊಮೀಟರ್ ಬೆಳಕಿಗೆ ಬಣ್ಣ ಓದ್ರಿ.